ಹೊಟ್ಟೆಯಲ್ಲಿ ಉಳಿದ ಊಟದಿಂದ ಸತ್ತ ಹೊತ್ತು ಗೊತ್ತಾಗುತ್ತದೆಯೇ?

ಪ್ರಶ್ನೆ: ಟಿವಿಯ ಅಪರಾಧ ಧಾರಾವಾಹಿಗಳಲ್ಲಿ ವೈದ್ಯರು ಶವದ ಹೊಟ್ಟೆಯಲ್ಲಿದ್ದ ಊಟವನ್ನು ನೋಡಿ ‘ರಾತ್ರಿ ಹತ್ತೂವರೆಗೆ ಸಾವು ಸಂಭವಿಸಿದೆ’ ಎಂದುಬಿಡುತ್ತಾರೆ. ನಿಜವಾಗಿ ಹಾಗೆ ಹೇಳಲು ಬರುತ್ತದೆಯೇ? ನಮ್ಮ ಮನೆಯಲ್ಲಿ ರಾತ್ರಿ ಮುದ್ದೆ, ಪಕ್ಕದ ಮನೆಯಲ್ಲಿ ಬಿರಿಯಾನಿ, ಎದುರು ಮನೆಯಲ್ಲಿ ಅನ್ನ ಸಾರು. ಎಲ್ಲರ ಹೊಟ್ಟೆಗೂ ಒಂದೇ ಲೆಕ್ಕವೇ?
– ಓದುಗರೊಬ್ಬರು, ಲಷ್ಕರ್ ಮೊಹಲ್ಲಾ, ಮೈಸೂರು

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಹತ್ತೂವರೆ ಎಂದು ಗಂಟೆ, ನಿಮಿಷ ಹಿಡಿದು ಹೇಳುವುದು ಯಾವ ವೈದ್ಯರಿಗೂ ಸಾಧ್ಯವಿಲ್ಲ. ಕೊನೆಯ ಊಟ ಮುಗಿದ ಮೇಲೆ ಜೀರ್ಣಕ್ರಿಯೆ ಎಷ್ಟು ಹೊತ್ತು ನಡೆದಿತ್ತು ಎನ್ನುವುದಷ್ಟೇ ಜಠರದಿಂದ ತಿಳಿಯುವ ಸಂಗತಿ. ಅದೂ ಗಂಟೆಗಳ ಲೆಕ್ಕದ ಒರಟು ಅಂದಾಜು. ಆ ಅಂದಾಜು ಸತ್ತ ಹೊತ್ತಾಗಿ ಬದಲಾಗಬೇಕಾದರೆ ಊಟ ಯಾವಾಗ ಆಯಿತು, ಏನೇನು ತಿಂದರು, ಎಷ್ಟು ತಿಂದರು ಎಂಬುದು ಬೇರೆ ಕಡೆಯಿಂದ ಖಚಿತವಾಗಿ ಗೊತ್ತಿರಬೇಕು. ನಿಮ್ಮ ಎರಡನೆಯ ಪ್ರಶ್ನೆ ಇದಕ್ಕಿಂತ ಆಳವಾದದ್ದು. ಮುದ್ದೆಗೂ ಅನ್ನಕ್ಕೂ ಬಿರಿಯಾನಿಗೂ ಒಂದೇ ಲೆಕ್ಕ ಹಾಕಿದರೆ ನಿರಪರಾಧಿ ಜೈಲು ಸೇರಬಹುದು, ಅಪರಾಧಿ ಪಾರಾಗಬಹುದು. ಹಾಗಾಗಿ ವಿವರವಾಗಿ ಬರೆಯುತ್ತಿದ್ದೇನೆ.

ನಿಮ್ಮ ಮೊಹಲ್ಲಾದಲ್ಲೇ ಅನುಮಾನಾಸ್ಪದ ಸಾವೊಂದು ಆಯಿತೆನ್ನಿ. ಮೊದಲು ಪೊಲೀಸರು ಬಂದು ಶವ ಪಂಚನಾಮೆ ನಡೆಸುತ್ತಾರೆ. ಇದಕ್ಕೆ ಮೊದಲಿದ್ದದ್ದು ಸಿಆರ್‌ಪಿಸಿಯ 174ನೇ ಕಲಂ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ. ಶವ ಅಲ್ಲಿಂದ ಕೆ.ಆರ್. ಆಸ್ಪತ್ರೆಯ ಶವಾಗಾರಕ್ಕೆ ಹೋಗುತ್ತದೆ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂದ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆ ಅದು. ಮರಣೋತ್ತರ ಪರೀಕ್ಷೆಯಲ್ಲಿ ವೈದ್ಯರು ಜಠರದ ಎರಡೂ ತುದಿಗೆ ದಾರ ಬಿಗಿದು, ಒಳಗಿನದು ಚೆಲ್ಲದಂತೆ ಹೊರತೆಗೆದು, ಅದರ ದೊಡ್ಡ ಅಂಚಿನ ಗುಂಟ ಕತ್ತರಿಸಿ ಬಿಡಿಸುತ್ತಾರೆ. ಒಳಗೆ ಎಷ್ಟು ಮಿಲಿಲೀಟರ್ ಇದೆ, ಬಣ್ಣ ಏನು, ವಾಸನೆ ಏನು, ಅನ್ನದ ಅಗುಳು ಅಗುಳಾಗಿಯೇ ಇದೆಯೇ ಅಥವಾ ಗಂಜಿಯಂತಾಗಿದೆಯೇ, ಒಳಪದರ ಕೆಂಪಾಗಿದೆಯೇ ಎಂದು ಬರೆದುಕೊಳ್ಳುತ್ತಾರೆ. ವಿಷದ ಸಂಶಯವಿದ್ದರೆ ಜಠರವನ್ನು ಅದರೊಳಗಿನದರ ಸಮೇತ, ಸಣ್ಣ ಕರುಳಿನ ಒಂದು ತುಂಡು, ಯಕೃತ್ತು ಮತ್ತು ಮೂತ್ರಪಿಂಡಗಳ ಭಾಗಗಳ ಜತೆ, ಸಾಮಾನ್ಯವಾಗಿ ಗಟ್ಟಿ ಉಪ್ಪುನೀರಿನಲ್ಲಿಟ್ಟು, ಮುದ್ರೆ ಹಾಕಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಜನ ಎಫ್‌ಎಸ್‌ಎಲ್ ಎನ್ನುವುದು ಅದನ್ನೇ. ಆದರೆ ಪ್ರಯೋಗಾಲಯ ಹುಡುಕುವುದು ವಿಷವನ್ನು. ಸತ್ತ ಹೊತ್ತಿನ ಬಗ್ಗೆ ಊಟ ಏನಾದರೂ ಹೇಳುವುದಿದ್ದರೆ ಅದನ್ನು ಶವಾಗಾರದ ಮೇಜಿನ ಬಳಿಯೇ ಕಣ್ಣಿಟ್ಟು ನೋಡಿ ಬರೆದಿರಬೇಕು. ‘ಅರ್ಧ ಜೀರ್ಣವಾದ ಆಹಾರ’ ಎಂಬ ಒಂದೇ ಸಾಲಿನಲ್ಲಿ ವರದಿ ಮುಗಿದರೆ ಮುಂದೆ ನ್ಯಾಯಾಲಯದಲ್ಲಿ ಎರಡೂ ಕಡೆಯ ವಕೀಲರು ಆ ಸಾಲನ್ನು ತಮಗೆ ಬೇಕಾದತ್ತ ಎಳೆಯುತ್ತಾರೆ.

ಇನ್ನು ಜಠರದೊಳಗೆ ನಡೆಯುವುದೇನು? ನೀರು, ಮಜ್ಜಿಗೆಯಂಥ ತೆಳು ಪದಾರ್ಥಕ್ಕೆ ಅಲ್ಲಿ ಹೆಚ್ಚು ತಡೆಯಿಲ್ಲ. ಬರಿಹೊಟ್ಟೆಯಲ್ಲಿ ಕುಡಿದ ನೀರಿನ ಅರ್ಧದಷ್ಟು ಇಪ್ಪತ್ತು ನಿಮಿಷದ ಆಸುಪಾಸಿನಲ್ಲೇ ಸಣ್ಣ ಕರುಳಿಗೆ ಇಳಿದಿರುತ್ತದೆ. ಗಟ್ಟಿ ಆಹಾರದ ದಾರಿ ಬೇರೆ. ಜಠರದ ಕೆಳಭಾಗ ನಿಮಿಷಕ್ಕೆ ಸುಮಾರು 3 ಸಲ ಹಿಂಡಿ, ತುತ್ತುಗಳನ್ನು ಒರಳಿನಲ್ಲಿ ರುಬ್ಬಿದಂತೆ ಆಮ್ಲ ಮತ್ತು ಪೆಪ್ಸಿನ್ ಜತೆ ಅರೆಯುತ್ತದೆ. ಚೂರುಗಳು ಒಂದೆರಡು ಮಿಲಿಮೀಟರಿಗೆ ಇಳಿಯುವ ತನಕ ಪೈಲೋರಸ್ ಎಂಬ ಕೆಳಬಾಗಿಲು ಅವನ್ನು ಹೊರಬಿಡುವುದಿಲ್ಲ. ಆದ್ದರಿಂದ ಊಟ ಮಾಡಿದ ಮೊದಲ ಅರ್ಧ ಗಂಟೆ ಹೊಟ್ಟೆಯಲ್ಲಿನ ಗಟ್ಟಿ ಪದಾರ್ಥ ಹೆಚ್ಚು ಕಡಿಮೆ ಇದ್ದಷ್ಟೇ ಇರುತ್ತದೆ. ಆಮೇಲೆ ನಿಧಾನವಾಗಿ ಇಳಿಯತೊಡಗುತ್ತದೆ. ಊಟದಲ್ಲಿ ಎಣ್ಣೆ, ತುಪ್ಪ, ಕೊಬ್ಬು ಜಾಸ್ತಿಯಿದ್ದರೆ ಸಣ್ಣ ಕರುಳಿನಿಂದ ಹೊರಡುವ ಹಾರ್ಮೋನುಗಳು ಜಠರಕ್ಕೆ ‘ಸಾವಕಾಶ ಕಳಿಸು’ ಎಂದು ಸೂಚನೆ ಕೊಡುತ್ತವೆ. ಬಿರಿಯಾನಿ ಉಂಡ ರಾತ್ರಿ ಹೊಟ್ಟೆ ಭಾರ ಎನಿಸುವುದು ಇದೇ ಕಾರಣಕ್ಕೆ.

ಇಲ್ಲಿ ತನಿಖೆ ಮಾಡುವವರಿಗೂ ಮುಖ್ಯವಾದ ಒಂದು ವಿವರವಿದೆ. ಅರೆಯಲು ಬಗ್ಗದ ಚೂರುಗಳು, ಅಂದರೆ ಟೊಮ್ಯಾಟೊ ಸಿಪ್ಪೆ, ಕರಿಬೇವಿನ ಎಲೆ, ಮೆಣಸಿನಕಾಯಿ ಸಿಪ್ಪೆಯಂಥವು, ಉಳಿದ ಊಟವೆಲ್ಲ ಇಳಿದ ಮೇಲೂ ಜಠರದಲ್ಲೇ ನಿಂತಿರುತ್ತವೆ. ಬರಿದಾದ ಹೊಟ್ಟೆಯಲ್ಲಿ ಸುಮಾರು ಒಂದೂವರೆ, ಎರಡು ಗಂಟೆಗೊಮ್ಮೆ ಏಳುವ ಬಲವಾದ ಅಲೆಗಳು ಅವನ್ನು ಗುಡಿಸಿ ಹೊರಹಾಕಬೇಕು. ಹಾಗಾಗಿ ಒಂದು ಕರಿಬೇವಿನ ಎಲೆ ಸಿಕ್ಕಿತೆಂದು ‘ಈಗಷ್ಟೇ ಊಟ ಮಾಡಿದ್ದರು’ ಎನ್ನಲಾಗದು.

ಈ ಕ್ರಿಯೆಗಳನ್ನು ಮನುಷ್ಯ ಮೊದಲ ಬಾರಿಗೆ ಕಣ್ಣಾರೆ ಕಂಡದ್ದು ಒಂದು ಅಪಘಾತದಿಂದ. 1822ರ ಜೂನ್ 6ರಂದು ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಹೊಟ್ಟೆಯ ಎಡಭಾಗಕ್ಕೆ ಹತ್ತಿರದಿಂದಲೇ ಬಂದೂಕಿನ ಗುಂಡು ಬಿತ್ತು. ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್ ಅವನನ್ನು ಉಳಿಸಿದರು. ಗಾಯವೇನೋ ಮಾಯಿತು, ಆದರೆ ಜಠರಕ್ಕೆ ಹೊರಗಿನಿಂದ ಒಂದು ತೂತು ಉಳಿದುಬಿಟ್ಟಿತು. 1825ರಿಂದ ಬ್ಯೂಮಾಂಟ್ ಮಾಂಸ, ಬ್ರೆಡ್ಡು, ಎಲೆಕೋಸಿನ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನಿಂದ ಒಳಗೆ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ನೋಡಿದರು. ಆ ಬಡ ಕೂಲಿಯಾಳು ಇದಕ್ಕೆ ಎಷ್ಟರಮಟ್ಟಿಗೆ ಮನಸಾರೆ ಒಪ್ಪಿದ್ದ ಎಂದು ಇವತ್ತು ಓದಿದರೂ ಸಂಕಟವಾಗುತ್ತದೆ. 1833ರಲ್ಲಿ ಬ್ಯೂಮಾಂಟ್ ಪ್ರಕಟಿಸಿದ ಪುಸ್ತಕದಲ್ಲಿ ಯಾವ ಆಹಾರ ಎಷ್ಟು ಹೊತ್ತಿಗೆ ಕರಗುತ್ತದೆ ಎಂಬ ಪಟ್ಟಿಯಿದೆ: ಬೇಯಿಸಿದ ಅನ್ನ 1 ಗಂಟೆ, ಸುಟ್ಟ ಹಂದಿಮಾಂಸ 5 ಗಂಟೆ 15 ನಿಮಿಷ. ಒಬ್ಬನೇ ಮನುಷ್ಯನ, ಅದೂ ಗಾಯಗೊಂಡ ಹೊಟ್ಟೆಯ ಲೆಕ್ಕ ಅದು. ಅದೇ ಬ್ಯೂಮಾಂಟ್ ಇನ್ನೊಂದನ್ನೂ ಗಮನಿಸಿದ್ದರು: ಸೇಂಟ್ ಮಾರ್ಟಿನ್‌ಗೆ ಸಿಟ್ಟು ಬಂದ ದಿನ ಜೀರ್ಣವಾಗುವ ರೀತಿಯೇ ಬದಲಾಗುತ್ತಿತ್ತು. ಪಟ್ಟಿಯ ಅಂಕಿಗಳಿಗಿಂತ ನ್ಯಾಯಾಲಯಗಳು ಈ ಮಾತನ್ನು ಗಮನಿಸಿದ್ದರೆ ಎಷ್ಟೋ ಅನಾಹುತ ತಪ್ಪುತ್ತಿತ್ತು.

ಇವತ್ತಿನ ನ್ಯಾಯವೈದ್ಯಶಾಸ್ತ್ರದ ಪಠ್ಯಗಳಲ್ಲಿ ಸಾಮಾನ್ಯವಾಗಿ ಸಿಗುವ ಅಂದಾಜು ಹೀಗಿದೆ: ಹಗುರ ಊಟವಾದರೆ ಜಠರ ಬರಿದಾಗಲು ಒಂದೂವರೆಯಿಂದ 2 ಗಂಟೆ, ಮಧ್ಯಮ ಊಟಕ್ಕೆ 3ರಿಂದ 4 ಗಂಟೆ, ಭಾರಿ ಊಟಕ್ಕೆ 4ರಿಂದ 6 ಗಂಟೆ. ಆಸ್ಪತ್ರೆಗಳಲ್ಲಿ ಇದನ್ನೇ ಇನ್ನೂ ಖಚಿತವಾಗಿ ಅಳೆಯುವ ವಿಧಾನವಿದೆ. ಮೊಟ್ಟೆಯ ತಿನಿಸಿಗೆ ಅತ್ಯಲ್ಪ ವಿಕಿರಣಶೀಲ ಟೆಕ್ನೀಶಿಯಂ ಬೆರೆಸಿ ತಿನ್ನಿಸಿ, ಅದು ಎಲ್ಲಿದೆಯೆಂದು ಕ್ಯಾಮೆರಾದಲ್ಲಿ ನೋಡುತ್ತಾರೆ. ಆರೋಗ್ಯವಂತರಲ್ಲಿ 2 ಗಂಟೆಯಾದ ಮೇಲೆ ಶೇ 60ರ ತನಕ, 4 ಗಂಟೆಯಾದ ಮೇಲೆ ಶೇ 10ರ ತನಕ ಉಳಿದಿದ್ದರೂ ಸಹಜವೆಂದೇ ಲೆಕ್ಕ. ಗಮನಿಸಿ, ಇದು ಅಳೆದು ಕೊಟ್ಟ ಪುಟ್ಟ ಊಟ. ತಿಂದವರು ಆರೋಗ್ಯವಂತರು, ನೆಮ್ಮದಿಯಾಗಿ ಕೂತವರು. ಆದರೂ 2 ಗಂಟೆಯ ಹೊತ್ತಿಗೆ ಒಬ್ಬರ ಹೊಟ್ಟೆಯಲ್ಲಿ ಅರ್ಧಕ್ಕೂ ಮಿಕ್ಕಿ ಉಳಿದಿದ್ದರೆ, ಮತ್ತೊಬ್ಬರದು ಹೆಚ್ಚು ಕಡಿಮೆ ಬರಿದಾಗಿರಬಹುದು. ಶಸ್ತ್ರಚಿಕಿತ್ಸೆಗೆ ಮುಂಚೆ ಅರಿವಳಿಕೆ ವೈದ್ಯರು ಹಗುರ ತಿಂಡಿಗೆ 6 ಗಂಟೆ, ಎಣ್ಣೆ ಪದಾರ್ಥ ಅಥವಾ ಮಾಂಸದೂಟಕ್ಕೆ 8 ಗಂಟೆಯ ಅಂತರ ಬೇಕೆನ್ನುವುದು ಈ ವ್ಯತ್ಯಾಸಕ್ಕೆ ಹೆದರಿಯೇ. ಬದುಕಿರುವ ರೋಗಿಯ ವಿಚಾರದಲ್ಲಿ ವೈದ್ಯಶಾಸ್ತ್ರ ಇಷ್ಟು ಎಚ್ಚರ ವಹಿಸುವಾಗ, ಶವದ ವಿಚಾರದಲ್ಲಿ ಅರ್ಧ ಗಂಟೆಯ ನಿಖರತೆಯನ್ನು ಯಾರಾದರೂ ಹೇಳಿದರೆ ನಂಬಬೇಡಿ.

ಸಾಯುವವರ ಹೊಟ್ಟೆ ನೆಮ್ಮದಿಯಲ್ಲಿ ಇರುವುದಿಲ್ಲ, ಅದೇ ದೊಡ್ಡ ತೊಡಕು. ಭಯ, ನೋವು, ತಲೆಗೆ ಪೆಟ್ಟು, ರಕ್ತಸ್ರಾವ ಇವೆಲ್ಲ ಜಠರದ ಚಲನೆಯನ್ನು ನಿಧಾನಿಸುತ್ತವೆ, ಕೆಲವೊಮ್ಮೆ ಪೂರಾ ನಿಲ್ಲಿಸುತ್ತವೆ. ಸಂಜೆ ಅಪಘಾತವಾಗಿ, ಪ್ರಜ್ಞೆಯಿಲ್ಲದೆ ಇಡೀ ರಾತ್ರಿ, ಮರುದಿನವೂ ಜೀವ ಹಿಡಿದಿದ್ದು ಸತ್ತವರ ಹೊಟ್ಟೆಯಲ್ಲಿ ಹಿಂದಿನ ಮಧ್ಯಾಹ್ನದ ಊಟ ಗುರುತು ಸಿಗುವ ಹಾಗೆ ಉಳಿದಿರಬಹುದು. ಅಲ್ಲಿ ಊಟ ತೋರಿಸುವುದು ಪೆಟ್ಟು ಬಿದ್ದ ಹೊತ್ತನ್ನು. ಬಹುಕಾಲ ಸಕ್ಕರೆ ಕಾಯಿಲೆಯಿದ್ದವರಲ್ಲಿ ಜಠರದ ನರಗಳು ಸೋತು ಊಟ ಗಂಟೆಗಟ್ಟಲೆ ನಿಂತೇ ಇರುತ್ತದೆ. ಮಾರ್ಫೀನ್ ಬಗೆಯ ನೋವಿನ ಔಷಧಿಗಳು ಹಾಗೆಯೇ ನಿಧಾನಿಸುತ್ತವೆ. ತೂಕ ಇಳಿಸಲು, ಸಕ್ಕರೆ ಹಿಡಿತಕ್ಕೆ ತರಲು ಈಗ ಬಳಕೆಗೆ ಬಂದಿರುವ ಸೆಮಾಗ್ಲುಟೈಡ್‌ನಂಥ ಔಷಧಿಗಳದ್ದೂ ಅದೇ ಪರಿಣಾಮ. ವಾಂತಿ ನಿಲ್ಲಲು ಕೊಡುವ ಮೆಟೊಕ್ಲೊಪ್ರಮೈಡ್ ಇದಕ್ಕೆ ತದ್ವಿರುದ್ಧ, ಬೇಗ ಬರಿದುಮಾಡುತ್ತದೆ. ಹಾಗಾಗಿ ಸತ್ತವರು ತೆಗೆದುಕೊಳ್ಳುತ್ತಿದ್ದ ಮಾತ್ರೆಗಳ ಚೀಟಿಯನ್ನು ನೋಡದೆ ಜಠರದ ಮೇಲೆ ಅಭಿಪ್ರಾಯ ಕೊಡಬಾರದು.

ನಮ್ಮ ಕಡೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಕೀಟನಾಶಕ ಕುಡಿದವರನ್ನು ಆಸ್ಪತ್ರೆಗೆ ತಂದಾಗ ಮೂಗಿನ ಮೂಲಕ ನಳಿಕೆ ಇಳಿಸಿ ಹೊಟ್ಟೆ ತೊಳೆಯುತ್ತಾರೆ. ಜೀವ ಉಳಿಸಲು ಮಾಡುವ ಕೆಲಸ ಅದು. ಆದರೂ ರೋಗಿ ತೀರಿಹೋದರೆ ಜಠರದಲ್ಲಿ ಹೊತ್ತಿನ ಲೆಕ್ಕಕ್ಕೆ ಸಾಕ್ಷಿ ಉಳಿದಿರುವುದಿಲ್ಲ. ಬರಿದಾದ ಜಠರ ನೋಡಿ ‘ಊಟ ಮಾಡಿ ಆರು ಗಂಟೆಯ ಮೇಲಾಗಿತ್ತು’ ಎಂದು ಬರೆದರೆ ಅದು ಶುದ್ಧ ತಪ್ಪು. ತನಿಖಾಧಿಕಾರಿ ಆಸ್ಪತ್ರೆಯ ಕೇಸ್ ಶೀಟ್ ತರಿಸಿ ಮರಣೋತ್ತರ ಪರೀಕ್ಷೆಯ ವೈದ್ಯರ ಮುಂದಿಡಬೇಕು. ಸತ್ತ ಮೇಲೂ ಆಮ್ಲ, ಪೆಪ್ಸಿನ್ ತಮ್ಮ ಕೆಲಸವನ್ನು ಸ್ವಲ್ಪ ಕಾಲ ಮುಂದುವರಿಸುತ್ತವೆ ಎಂಬುದನ್ನೂ ಮರೆಯುವಂತಿಲ್ಲ. ಹಿಂಡುವ ಚಲನೆ ನಿಂತರೂ ಅನ್ನ ಮೆತ್ತಗಾಗುತ್ತಲೇ ಹೋಗುತ್ತದೆ.

ಇಷ್ಟು ಅನಿಶ್ಚಿತವಾದದ್ದನ್ನು ನಿಶ್ಚಿತವೆಂದು ನಂಬಿದ್ದರಿಂದ ಆದ ಅನ್ಯಾಯಕ್ಕೆ ಜಗತ್ತು ಮರೆಯಬಾರದ ಉದಾಹರಣೆ ಕೆನಡಾದ ಸ್ಟೀವನ್ ಟ್ರಸ್ಕಾಟ್. 1959ರ ಜೂನ್ 9, ಒಂಟಾರಿಯೊ ಪ್ರಾಂತದ ಕ್ಲಿಂಟನ್ ಬಳಿಯ ವಾಯುಪಡೆ ನೆಲೆ. ಹನ್ನೆರಡು ವರ್ಷದ ಬಾಲಕಿಯೊಬ್ಬಳು ಸಂಜೆ ಸುಮಾರು 5.45ಕ್ಕೆ ಊಟ ಮುಗಿಸಿ ಹೊರಗೆ ಹೋದಳು. ಏಳು ಗಂಟೆ ದಾಟಿದ ಮೇಲೆ 14 ವರ್ಷದ ಟ್ರಸ್ಕಾಟ್ ಅವಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೊರಟ. ಹೆದ್ದಾರಿಯ ತನಕ ಬಿಟ್ಟೆ, ಅಲ್ಲಿ ಅವಳು ಒಂದು ಕಾರು ಹತ್ತಿದಳು ಎಂದು ಹುಡುಗ ಹೇಳಿದ. ಎಂಟು ಗಂಟೆಯ ಸುಮಾರಿಗೆ ಅವನು ಶಾಲೆಯ ಮೈದಾನದಲ್ಲಿ ಎಂದಿನಂತೆಯೇ ಇದ್ದ. ಎರಡು ದಿನದ ಮೇಲೆ ಹತ್ತಿರದ ಕಾಡುಪೊದೆಯಲ್ಲಿ ಶವ ಸಿಕ್ಕಿತು. ಮರಣೋತ್ತರ ಪರೀಕ್ಷೆ ಮಾಡಿದ ಡಾ. ಜಾನ್ ಪೆನಿಸ್ಟನ್, ಜಠರದಲ್ಲಿ ಉಳಿದಿದ್ದ ಊಟವನ್ನು ಮುಖ್ಯವಾಗಿ ನೆಚ್ಚಿ, ಸಾವು ರಾತ್ರಿ 7.15ರಿಂದ 7.45ರ ನಡುವೆ ಆಗಿದೆ ಎಂದರು. ಮೂವತ್ತು ನಿಮಿಷದ ಕಿಂಡಿ. ಹುಡುಗ ಅವಳ ಜತೆಗಿದ್ದ ಹೊತ್ತಿಗೆ ಅದು ಸರಿಯಾಗಿ ಕೂತಿತು. ಸಾವು ಎಂಟು ಗಂಟೆಯ ನಂತರ ಆಗಿರಬಹುದು ಎಂದಿದ್ದರೆ ಆರೋಪವೇ ನಿಲ್ಲುವುದು ಕಷ್ಟವಿತ್ತು.

ಅದೇ ವರ್ಷ ಸೆಪ್ಟೆಂಬರ್ 30ರಂದು ಆ ಹದಿನಾಲ್ಕರ ಹುಡುಗನಿಗೆ ಗಲ್ಲು ಶಿಕ್ಷೆ ಘೋಷಣೆಯಾಯಿತು. ಆಮೇಲೆ ಅದನ್ನು ಜೀವಾವಧಿಗೆ ಇಳಿಸಿದರು. 1966ರಲ್ಲಿ ಪೆನಿಸ್ಟನ್ ಅವರೇ ತಮ್ಮ ಅಂದಾಜನ್ನು ಮತ್ತೆ ತೂಗಿ ನೋಡಿ, ಹೊತ್ತಿನ ಬಗ್ಗೆ ಮೊದಲಿನ ಬಿಗಿ ಸಡಿಲಿಸಿ ಬರೆದರು; ಆದರೆ ಆ ಬರಹ ಆರೋಪಿಯ ವಕೀಲರಿಗೆ ದೊರೆಯಲಿಲ್ಲ. ಟ್ರಸ್ಕಾಟ್ 1969ರಲ್ಲಿ ಪೆರೋಲ್ ಮೇಲೆ ಹೊರಬಂದ. ಒಂಟಾರಿಯೊದ ಮೇಲ್ಮನವಿ ನ್ಯಾಯಾಲಯ ಜಠರದ ಸಾಕ್ಷ್ಯವನ್ನೂ, ಶವದ ಮೇಲಿನ ಹುಳುಗಳ ಬೆಳವಣಿಗೆಯ ಕುರಿತ ಹೊಸ ಅಭಿಪ್ರಾಯಗಳನ್ನೂ ಪರಿಶೀಲಿಸಿ ಅವನನ್ನು ಖುಲಾಸೆ ಮಾಡಿದ್ದು 2007ರ ಆಗಸ್ಟ್ 28ರಂದು. ಅಷ್ಟರಲ್ಲಿ 48 ವರ್ಷ ಕಳೆದಿತ್ತು. ಮರುವರ್ಷ ಸರ್ಕಾರ 65 ಲಕ್ಷ ಡಾಲರ್ ಪರಿಹಾರ ಕೊಟ್ಟಿತು. ಆ ಬಾಲಕಿಯನ್ನು ಕೊಂದವರು ಯಾರೆಂಬುದು ಇಂದಿಗೂ ಬಗೆಹರಿದಿಲ್ಲ. ತಪ್ಪು ಗಂಟೆಯ ಹಿಂದೆ ಹೋದದ್ದರ ಇನ್ನೊಂದು ನಷ್ಟ ಅದು.

ಇಂಥದ್ದು ಒಂದೇ ಸಲ ಆದದ್ದೂ ಅಲ್ಲ. 1983ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ ಡೇವಿಡ್ ಹೆಂಡ್ರಿಕ್ಸ್ ಎಂಬಾತನ ಹೆಂಡತಿ, ಮೂವರು ಮಕ್ಕಳು ಕೊಲೆಯಾದರು. ಮಕ್ಕಳು ಸಂಜೆ ತಿಂದಿದ್ದ ಪಿಜ್ಜಾ ಎಷ್ಟು ಜೀರ್ಣವಾಗಿತ್ತು ಎಂಬುದರ ಮೇಲೆ, ಆತ ರಾತ್ರಿ ಊರು ಬಿಡುವ ಮೊದಲೇ ಕೊಲೆ ನಡೆದಿತ್ತು ಎಂದು ವಾದ ಕಟ್ಟಿದರು. 1984ರಲ್ಲಿ ಶಿಕ್ಷೆಯಾಯಿತು, 1991ರ ಮರುವಿಚಾರಣೆಯಲ್ಲಿ ಬಿಡುಗಡೆಯಾಯಿತು.

ನಮ್ಮ ದೇಶದ ನ್ಯಾಯಾಲಯಗಳು ಈ ವಿಷಯದಲ್ಲಿ ಒಟ್ಟಾರೆ ಎಚ್ಚರದಿಂದಲೇ ನಡೆದಿವೆ ಎಂದು ಹೇಳಲು ನನಗೆ ಸಂತೋಷ. 1920ರಲ್ಲಿ ಮೊದಲು ಪ್ರಕಟವಾದ ಜೈಸಿಂಗ್ ಮೋದಿಯವರ ವೈದ್ಯಕೀಯ ನ್ಯಾಯಶಾಸ್ತ್ರದ ಗ್ರಂಥವನ್ನು ವಕೀಲರು ಇವತ್ತಿಗೂ ಕೈಯಲ್ಲಿ ಹಿಡಿದೇ ವಾದ ಮಾಡುತ್ತಾರೆ. ಆದರೆ ಸುಪ್ರೀಂ ಕೋರ್ಟ್ 1985ರಲ್ಲಿ ಆಂಧ್ರಪ್ರದೇಶದ ಪಟ್ಟಿಪಾಟಿ ವೆಂಕಯ್ಯ ಪ್ರಕರಣದಲ್ಲಿ, ಸತ್ತ ಹೊತ್ತನ್ನು ಗಣಿತದಂತೆ ಕರಾರುವಾಕ್ಕಾಗಿ ಹೇಳುವಷ್ಟು ವೈದ್ಯಶಾಸ್ತ್ರ ಇನ್ನೂ ಪರಿಪೂರ್ಣವಾಗಿಲ್ಲ ಎಂಬ ಅರ್ಥದ ಮಾತನ್ನು ಸ್ಪಷ್ಟವಾಗಿ ಹೇಳಿತು. ವೈದ್ಯರ ಮಾತು ತಜ್ಞರ ಅಭಿಪ್ರಾಯ. ಹಿಂದೆ ಅದು ಸಾಕ್ಷ್ಯ ಅಧಿನಿಯಮದ 45ನೇ ಕಲಮಿನಲ್ಲಿತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮಿನಲ್ಲಿದೆ. ನ್ಯಾಯಾಧೀಶರು ಅದನ್ನು ಉಳಿದ ಸಾಕ್ಷ್ಯಗಳ ಜತೆಗಿಟ್ಟು ತೂಗಬೇಕು. ಹಾಗೆಂದು ಒಪ್ಪಲೇಬೇಕೆಂಬ ಕಡ್ಡಾಯವಿಲ್ಲ.

ಹಾಗಾದರೆ ಜಠರ ನೋಡುವುದೇ ದಂಡವೇ? ಖಂಡಿತ ಅಲ್ಲ. ಗಂಟೆ ಹೇಳಲು ಅದು ಸಾಲದು, ಆದರೆ ಯಾರೋ ಹೇಳಿದ ಮಾತನ್ನು ಒರೆಗೆ ಹಚ್ಚಲು ಬಹಳ ಒಳ್ಳೆಯದು. ‘ರಾತ್ರಿ ಎಂಟಕ್ಕೆ ನಾವಿಬ್ಬರೂ ಮನೆಯಲ್ಲೇ ಅನ್ನ, ಬದನೆಕಾಯಿ ಪಲ್ಯ ಊಟ ಮಾಡಿದೆವು, ಹತ್ತು ನಿಮಿಷಕ್ಕೆ ಅವರು ಕುಸಿದುಬಿದ್ದು ಹೋಗಿಬಿಟ್ಟರು’ ಎಂದು ಒಬ್ಬರು ಹೇಳಿಕೆ ಕೊಟ್ಟರೆನ್ನಿ. ಹತ್ತು ನಿಮಿಷದ ಊಟ ಜಠರದಲ್ಲಿ ಇದ್ದ ಹಾಗೇ ಇರಬೇಕು. ಜಠರ ಬರಿದಾಗಿದ್ದರೆ, ವಾಂತಿಯೂ ಆಗಿಲ್ಲವಾದರೆ, ಹೇಳಿಕೆಯಲ್ಲಿ ಏನೋ ಸರಿಯಿಲ್ಲ. ಬದನೆಯ ಬೀಜ, ಸಿಪ್ಪೆ ಸುಲಭಕ್ಕೆ ಕರಗುವಂಥವಲ್ಲ. ನಿಮ್ಮ ನೆರೆಯ ಈರನಗೆರೆಯ ಹೆಸರು ಹೊತ್ತ ಬದನೆಯಾಗಲಿ, ಮಾರುಕಟ್ಟೆಯ ಬೇರೆ ಬದನೆಯಾಗಲಿ, ಸೂಕ್ಷ್ಮದರ್ಶಕದಡಿ ಅವುಗಳ ಜೀವಕೋಶದ ಗೋಡೆ ಸಿಗುತ್ತದೆ. ಸಸ್ಯದ ಕೋಶಗಳಿಗಿರುವ ಸೆಲ್ಯುಲೋಸ್ ಗೋಡೆಯನ್ನು ಮನುಷ್ಯನ ಜಠರ ಕರಗಿಸಲಾರದು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಜೇನ್ ಬಾಕ್ ಮತ್ತು ಡೇವಿಡ್ ನಾರಿಸ್ 1980ರ ದಶಕದಿಂದ ಇದನ್ನೇ ಹಿಡಿದು, ಸತ್ತವರು ಕೊನೆಗೆ ಯಾವ ತರಕಾರಿ ತಿಂದಿದ್ದರು ಎಂದು ಗುರುತಿಸಿ ತನಿಖೆಗಳಿಗೆ ನೆರವಾದರು. ಏನು ತಿಂದಿದ್ದರು ಎಂಬುದು ತಿಳಿದರೆ ಎಲ್ಲಿ, ಯಾರ ಜತೆ ತಿಂದಿದ್ದರು ಎಂಬ ದಾರಿ ತೆರೆಯುತ್ತದೆ. ಗ್ರಾಮಾಂತರ ಬಸ್ ನಿಲ್ದಾಣದಂಥ ಜನನಿಬಿಡ ಜಾಗದ ಸುತ್ತ ಗುರುತು ಸಿಗದ ಶವವೊಂದು ದೊರೆತಾಗ ಹೋಟೆಲಿನ ಬಿಲ್ಲು, ಸಿಸಿಟಿವಿ ಚಿತ್ರ, ಜಠರದಲ್ಲಿನ ತಿಂಡಿ ಈ ಮೂರೂ ಒಂದಕ್ಕೊಂದು ಹೊಂದಿಕೊಂಡರೆ ಹೊತ್ತಿನ ಲೆಕ್ಕಕ್ಕೂ ಬಲ ಬರುತ್ತದೆ.

ಇದಕ್ಕೆ ಒಳಗಿನದನ್ನು ಉಳಿಸಿಡಬೇಕು. 1994ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕೊಲೆಯಾದ ನಿಕೋಲ್ ಬ್ರೌನ್ ಸಿಂಪ್ಸನ್ ಅವರ ಜಠರದಲ್ಲಿದ್ದ ಊಟವನ್ನು ಪರೀಕ್ಷೆ ಮಾಡಿದ ವೈದ್ಯರು ಇಟ್ಟುಕೊಳ್ಳದೆ ಚೆಲ್ಲಿಬಿಟ್ಟಿದ್ದರು. ಲಾಸ್ ಏಂಜಲೀಸ್ ಕೌಂಟಿಯ ಆಗಿನ ಮುಖ್ಯ ವೈದ್ಯಕೀಯ ಪರೀಕ್ಷಕ, ಮದ್ರಾಸಿನಲ್ಲಿ ವೈದ್ಯ ಪದವಿ ಪಡೆದ ಲಕ್ಷ್ಮಣನ್ ಸತ್ಯವಾಗೀಶ್ವರನ್, ಅದು ತಪ್ಪೆಂದು ನ್ಯಾಯಾಲಯದಲ್ಲೇ ಒಪ್ಪಿಕೊಳ್ಳಬೇಕಾಯಿತು.

ಊಟದ ಹೊತ್ತಿನ ಬಗ್ಗೆ ತನಿಖಾಧಿಕಾರಿಗಳ ತಲೆಯಲ್ಲಿ ಒಂದು ಸಿದ್ಧ ಚಿತ್ರವಿರುತ್ತದೆ: ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ರಾತ್ರಿ ಒಂಬತ್ತಕ್ಕೆ ಊಟ. ನಿಮ್ಮ ಮೊಹಲ್ಲಾದಲ್ಲಿ ಆ ಚಿತ್ರ ನಡೆಯುವುದಿಲ್ಲ. ರಂಜಾನ್ ತಿಂಗಳಲ್ಲಿ ಬಿರಿಯಾನಿ ಜಠರಕ್ಕೆ ಇಳಿಯುವುದು ಇಫ್ತಾರ್ ಆದ ಮೇಲೋ ಬೆಳಗಿನ ಜಾವ ಸಹರಿಯಲ್ಲೋ ಇರಬಹುದು. ಸಂತ ಫಿಲೋಮಿನಾ ಚರ್ಚಿನಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಪೂಜೆ ಮುಗಿಸಿ ಬಂದವರು ನಡುರಾತ್ರಿ ಕೇಕು ತಿಂದಿರಬಹುದು. ಏಕಾದಶಿಯೆಂದು ಹಗಲೆಲ್ಲ ಉಪವಾಸವಿದ್ದು ಹಣ್ಣು, ಹಾಲು ಮಾತ್ರ ತೆಗೆದುಕೊಂಡವರು ಪಕ್ಕದ ಬೀದಿಯಲ್ಲೇ ಇರಬಹುದು. ‘ಜಠರದಲ್ಲಿ ಊಟ ತುಂಬಿತ್ತು, ಆದ್ದರಿಂದ ಸಾವು ರಾತ್ರಿ ಹತ್ತರ ಸುಮಾರಿಗೆ’ ಎಂಬ ತರ್ಕ ಇಂಥ ದಿನಗಳಲ್ಲಿ ಆರು ಗಂಟೆಯಷ್ಟು ದಾರಿ ತಪ್ಪಿಸೀತು.

ಶವದ ಬಿಸಿ ಇಳಿಯುವುದು, ಮೈ ಸೆಟೆಯುವುದು, ರಕ್ತ ಕೆಳಭಾಗಕ್ಕೆ ಇಳಿದು ಕಲೆಗಟ್ಟುವುದು, ಕಣ್ಣಿನೊಳಗಿನ ದ್ರವದ ಪೊಟ್ಯಾಸಿಯಂ ಏರುವುದು ಇವೂ ಹೊತ್ತಿನ ಅಂದಾಜಿಗೆ ಬಳಕೆಯಲ್ಲಿವೆ. ಇವುಗಳಲ್ಲಿ ಹೆಚ್ಚು ನೆಚ್ಚಬಹುದಾದದ್ದು ದೇಹದ ತಾಪ. ಜರ್ಮನಿಯ ಹೆನ್ಸ್‌ಗೆ ರೂಪಿಸಿದ ಲೆಕ್ಕಪಟ್ಟಿಯಲ್ಲೂ ಎಲ್ಲ ಅನುಕೂಲವಿದ್ದಾಗ ಆಚೀಚೆ 2.8 ಗಂಟೆಯ ಹೊಯ್ದಾಟ ಇದ್ದೇ ಇದೆ. ಏಪ್ರಿಲ್‌ನ ಮೈಸೂರಿನ ಹಗಲಿನಲ್ಲಿ ಗಾಳಿಯ ಬಿಸಿ ಮೈಬಿಸಿಗೆ ಹತ್ತಿರ ಹೋಗುವುದರಿಂದ ಆ ಅಳತೆಯೂ ಮಂಕಾಗುತ್ತದೆ. ಒಂದೊಂದೂ ದುರ್ಬಲವಾದ ಈ ಗುರುತುಗಳನ್ನು ಒಟ್ಟಿಗೆ ಇಟ್ಟು ನೋಡುವುದೇ ಒಳ್ಳೆಯ ನ್ಯಾಯವೈದ್ಯರ ಕೌಶಲ.

ಇನ್ನು ನಿಮ್ಮ ಮುದ್ದೆಯ ವಿಷಯ. ಗಂಟೆಗಳ ಪಟ್ಟಿಗಳ ಹಿಂದಿರುವ ಪ್ರಯೋಗಗಳು ಬಹುಪಾಲು ಬ್ರೆಡ್ಡು, ಮೊಟ್ಟೆ, ಮಾಂಸ, ಆಲೂಗೆಡ್ಡೆಯ ಮೇಲೆ ನಡೆದವು. ಮುದ್ದೆಗೆ ತೀರ ಹತ್ತಿರದ ಆಹಾರದ ಮೇಲೆ ನಡೆದ ಒಂದು ಅಧ್ಯಯನ 2018ರಲ್ಲಿ ಆಫ್ರಿಕಾದ ಮಾಲಿ ದೇಶದಿಂದ ಬಂತು. ಫಾತಿಮಾತಾ ಸಿಸೆ ಮತ್ತು ಸಂಗಡಿಗರು ಜೋಳ, ಸಜ್ಜೆಯ ಗಟ್ಟಿ ಅಂಬಲಿ ಮತ್ತು ಕೂಸ್‌ಕೂಸ್ ತಿಂದವರನ್ನೂ, ಅನ್ನ, ಆಲೂಗೆಡ್ಡೆ, ಪಾಸ್ತಾ ತಿಂದವರನ್ನೂ ಉಸಿರಿನ ಪರೀಕ್ಷೆಯಿಂದ ಹೋಲಿಸಿದರು. ಅನ್ನ, ಪಾಸ್ತಾದಂಥ ಊಟದ ಅರ್ಧ ಜಠರದಿಂದ ಇಳಿಯಲು ಸುಮಾರು 3 ಗಂಟೆ ಹಿಡಿದರೆ, ಜೋಳ, ಸಜ್ಜೆಯ ಊಟಕ್ಕೆ ಸುಮಾರು 5 ಗಂಟೆ ಹಿಡಿಯಿತು. ಇದು ರಾಗಿಯ ಲೆಕ್ಕವಲ್ಲ, ಹಾಗಾಗಿ ನೇರವಾಗಿ ಮುದ್ದೆಗೆ ಅಂಟಿಸಲಾಗದು. ಆದರೂ ಕಿರುಧಾನ್ಯದ ಗಟ್ಟಿ ಊಟ ಅನ್ನಕ್ಕಿಂತ ಎರಡು ಗಂಟೆ ಹೆಚ್ಚು ನಿಲ್ಲಬಲ್ಲದು ಎಂಬುದು ಕಣ್ಣಿಗೆ ಕಾಣುವ ಸಂಗತಿ. ಮುದ್ದೆಯನ್ನು ನಾವು ಅಗಿಯದೆ ನುಂಗುತ್ತೇವೆ, ಅರೆಯುವ ಕೆಲಸ ಪೂರ್ತಿ ಜಠರದ ಪಾಲಿಗೆ ಬೀಳುತ್ತದೆ. ಜತೆಗೆ ಮಟನ್ ಸಾರಿದ್ದರೆ ಕೊಬ್ಬೂ ಸೇರುತ್ತದೆ. ಎದುರು ಮನೆಯವರ ಅನ್ನ, ತಿಳಿಸಾರು, ಮಜ್ಜಿಗೆ ಇದಕ್ಕಿಂತ ಬೇಗ ಇಳಿಯುವುದು ಸಹಜ. ಟ್ರಸ್ಕಾಟ್‌ನ ಬದುಕನ್ನು ಕೆಡಿಸಿದ್ದು ಮೂವತ್ತು ನಿಮಿಷದ ಕಿಂಡಿ. ಇಲ್ಲಿ ಮಾತಾಡುತ್ತಿರುವುದು ಎರಡು ಗಂಟೆಯ ವ್ಯತ್ಯಾಸವನ್ನು.

ಮುದ್ದೆ, ಉಪ್ಸಾರು, ಬಿಸಿಬೇಳೆಬಾತ್, ಬಿರಿಯಾನಿ ಇಂಥ ನಮ್ಮೂರ ಊಟಗಳು ಜಠರದಿಂದ ಎಷ್ಟು ಹೊತ್ತಿಗೆ ಇಳಿಯುತ್ತವೆ ಎಂಬುದನ್ನು ನಮ್ಮೂರಲ್ಲೇ ಅಳೆಯುವ ಕೆಲಸ ನಡೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವೈದ್ಯಕೀಯ ಕಾಲೇಜುಗಳೂ, ಆಹಾರ ಸಂಶೋಧನೆಗೇ ಮೀಸಲಾದ ಸಿಎಫ್‌ಟಿಆರ್‌ಐ ಕೂಡ ಒಂದೇ ಊರಿನಲ್ಲಿ ಇರುವ ಮೈಸೂರಿಗಿಂತ ಇದಕ್ಕೆ ತಕ್ಕ ಜಾಗ ಬೇರೆ ಕಾಣೆ. ಉಸಿರಿನ ಪರೀಕ್ಷೆಗೆ ಸೂಜಿ ಬೇಡ, ವಿಕಿರಣವೂ ಬೇಡ. ಆರೋಗ್ಯವಂತ ಸ್ವಯಂಸೇವಕರು ಊಟ ಮಾಡಿ, ಕೂತು, ಆಗಾಗ ಚೀಲಕ್ಕೆ ಉಸಿರು ಊದಿದರೆ ಸಾಕು.

ಅಲ್ಲಿಯ ತನಕ ಮನೆಯವರ ಕೈಯಲ್ಲಿರುವುದು ಒಂದು ಕೆಲಸ. ಪಂಚನಾಮೆಯ ವೇಳೆ ಪೊಲೀಸರು ‘ಕೊನೆಗೆ ಏನು ತಿಂದಿದ್ದರು’ ಎಂದು ಕೇಳಿದಾಗ ‘ಊಟ ಮಾಡಿದ್ದರು’ ಎಂದಷ್ಟೇ ಹೇಳಿ ಬಿಡಬೇಡಿ. ದುಃಖದ ಹೊತ್ತಿನಲ್ಲಿ ಇದು ಕಷ್ಟವೆಂದು ಗೊತ್ತು. ಆದರೂ ಊಟಕ್ಕೆ ಕೂತದ್ದು ಎಷ್ಟು ಗಂಟೆಗೆ, ಮುದ್ದೆಯೋ ಅನ್ನವೋ, ಎಷ್ಟು ತಿಂದರು, ಆಮೇಲೆ ಹಾಲು, ಹಣ್ಣು, ಎಲೆ ಅಡಿಕೆ ಹಾಕಿಕೊಂಡರೇ, ಕುಡಿದಿದ್ದರೇ, ವಾಂತಿ ಆಗಿತ್ತೇ, ಸಕ್ಕರೆ ಕಾಯಿಲೆಯಿತ್ತೇ, ದಿನವೂ ಯಾವ ಮಾತ್ರೆ ನುಂಗುತ್ತಿದ್ದರು ಇವನ್ನೆಲ್ಲ ತಿಳಿದಷ್ಟು ಹೇಳಿ, ಬರೆದುಕೊಂಡಿದ್ದಾರೆಯೇ ಎಂದು ಓದಿಸಿ ಕೇಳಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಸಿ. ಪಾತ್ರೆಯಲ್ಲಿ, ತಟ್ಟೆಯಲ್ಲಿ ಊಟ ಉಳಿದಿದ್ದರೆ ತೊಳೆಯದೆ ಪೊಲೀಸರಿಗೆ ತೋರಿಸಿ.